'ಸದ್ಯಕ್ಕೆ ಬೇಡ' ಬೇರೆ, 'ಬೇಡವೇ ಬೇಡ' ಬೇರೆ

ಪ್ರೀತಿಯ ಮಗಳೇ,

ಮದುವೆ ಸದ್ಯಕ್ಕೆ ಬೇಡ ಅನ್ನುತ್ತಿದ್ದೀಯೋ, ಮದುವೆಯೇ ಬೇಡ ಅನ್ನುತ್ತಿದ್ದೀಯೋ, ಮೊದಲು ನಿನಗೇ ಗೊತ್ತಾಗಲಿ. ನಮ್ಮ ಕ್ರೈಸ್ತ ಸಭೆಯಲ್ಲಿ ಎರಡನ್ನೂ ಬೆರೆಸಿ ಉಪದೇಶ ಮಾಡುವವರೇ ಹೆಚ್ಚು.

ಎಲ್ಲರೂ ತೋರಿಸುವುದು ಬೈಬಲಿನ 1 ಕೊರಿಂಥ, ಅಂದರೆ ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯವನ್ನು. ಮದುವೆಯಾಗದವರು ಹಾಗೆಯೇ ಇರುವುದು ಒಳ್ಳೆಯದು ಅನ್ನುವ 8ನೇ ವಚನ ಹಿಡಿದವರಿಗೆ ಮದುವೆ ಎರಡನೇ ದರ್ಜೆ. ಕಾಮದಿಂದ ಬೇಯುವುದಕ್ಕಿಂತ ಮದುವೆಯಾಗುವುದು ಲೇಸು ಅನ್ನುವ 9ನೆಯದನ್ನು ಹಿಡಿದವರಿಗೆ ಅದು ಬರೀ ಆಸೆಗೆ ಮದ್ದು. ಆದರೆ ಕನ್ಯೆಯರ ವಿಷಯದಲ್ಲಿ ತನಗೆ ಕರ್ತನಾದ ಯೇಸುವಿನ ಅಪ್ಪಣೆಯಿಲ್ಲ, ಇದು ತನ್ನ ಅಭಿಪ್ರಾಯ ಎಂದು ಪೌಲನೇ 25ರಲ್ಲಿ ಹೇಳುತ್ತಾನೆ. 26ರಲ್ಲಿ ಆ ಕಾಲದ ಇಕ್ಕಟ್ಟನ್ನು ಕಾರಣವಾಗಿ ಕೊಡುತ್ತಾನೆ. ಅದನ್ನು ಬಿಟ್ಟು ಓದಿದರೆ ಸಲಹೆ ಹೋಗಿ ಕಟ್ಟಳೆಯಾಗುತ್ತದೆ.

ಹೆಚ್ಚು ಗೋಜಲು ಆಗಿರುವುದು 7ನೇ ವಚನದ 'ವರ', ಅಂದರೆ ದೇವರು ಕೊಡುವ ಕೊಡುಗೆ. ಆಸೆಯೇ ಹುಟ್ಟದವರಿಗೆ ಮಾತ್ರ ಒಂಟಿತನದ ವರ ಎಂದು ಎಷ್ಟೋ ಜನ ನಂಬಿದ್ದಾರೆ. ಪೌಲ ಹಾಗೆ ಹೇಳಿಲ್ಲ. ಒಬ್ಬರಿಗೆ ಒಂದು ಬಗೆ, ಇನ್ನೊಬ್ಬರಿಗೆ ಇನ್ನೊಂದು ಅನ್ನುತ್ತಾನೆ. ಆ ಲೆಕ್ಕದಲ್ಲಿ ಮದುವೆಯೂ ವರವೇ. ಅವನು ಕೇಳುವುದು, 32ರಿಂದ 35ರವರೆಗೆ, ಚಿಂತೆ ಹಂಚಿಹೋಗದೆ ಕರ್ತನ ಕೆಲಸಕ್ಕೆ ಮನಸ್ಸು ಸಿಗುತ್ತದೆಯೇ ಎಂದು. ಉಳಿದ ಸಮಯವೆಲ್ಲ ಮೊಬೈಲಿಗೇ ಹೋಗುತ್ತಿದ್ದರೆ ಈ ವಚನವನ್ನು ಆಸರೆಗೆ ಕರೆಯಬೇಡ.

ಸಭೆಗಳೂ ಒಂದೇ ತೂಕದಲ್ಲಿ ತೂಗಿಲ್ಲ. 1525ರಲ್ಲಿ ಸಭೆಯ ಸುಧಾರಣೆಗೆ ನಿಂತ ಮಾರ್ಟಿನ್ ಲೂಥರ್, ಸನ್ಯಾಸಿಯಾಗಿದ್ದವನು, ಸನ್ಯಾಸಿನಿಯಾಗಿದ್ದ ಕ್ಯಾಥರೀನಾಳನ್ನು ಮದುವೆಯಾದ. 1563ರಲ್ಲಿ ಕ್ಯಾಥೊಲಿಕ್ ಸಭೆಯ ಟ್ರೆಂಟ್ ಮಹಾಸಭೆ ಕನ್ಯಾವ್ರತವೇ ಮದುವೆಗಿಂತ ಮೇಲೆಂದು ಸಾರಿತು.

ಮುಂದಕ್ಕೆ ಹಾಕುವುದಾದರೆ ಕಾರಣವನ್ನು ಒಂದು ಸಾಲಿನಲ್ಲಿ ಬರೆ: ಓದು, ಸಾಲ, ಕಾಯಿಲೆ, ಯಾವುದೇ ಇರಲಿ. ಪಕ್ಕದಲ್ಲಿ ತಾರೀಕು ಹಾಕು. 6 ತಿಂಗಳಿಗೊಮ್ಮೆ ಮದುವೆಯಾದ ಒಬ್ಬರು, ಆಗದ ಒಬ್ಬರು, ಇಬ್ಬರಿಗೂ ತೋರಿಸು. ತಾರೀಕಿಲ್ಲದೆ 'ದೇವರ ಚಿತ್ತಕ್ಕೆ ಕಾಯುತ್ತಿದ್ದೇನೆ' ಅನ್ನುವುದು ಬಹಳ ಸಲ ಹೆದರಿಕೆಗೆ ಹೊದಿಸಿದ ಹೊದಿಕೆ. ಯಾರ ಜೊತೆಗಾದರೂ ಮಾತುಕತೆ ನಡೆದಿದ್ದರೆ ವರ್ಷಗಟ್ಟಲೆ ಎಳೆಯಬೇಡ; ದೇಹದ ಸಂಬಂಧ ಮದುವೆಯೊಳಗೆ ಎಂದು ನಂಬುವವರಿಗೆ ಎಳೆದಷ್ಟೂ ಭಾರ. 39ನೇ ವಚನದ 'ಕರ್ತನಲ್ಲಿ ಮಾತ್ರ', ಅಂದರೆ ಕರ್ತನನ್ನು ನಂಬುವವನನ್ನೇ ಮದುವೆಯಾಗು ಎಂಬ ಷರತ್ತನ್ನು ದೀಕ್ಷಾಸ್ನಾನದ ಪ್ರಮಾಣಪತ್ರ ನೋಡಿ ಮುಗಿಸಬೇಡ. ಸಾಲ, ಮಕ್ಕಳು, ಪ್ರಾರ್ಥನೆ, ಕೋಪ ಬಂದಾಗ ಹುಡುಗನ ನಡತೆ, ಎಲ್ಲವನ್ನೂ ಕೇಳು.

ಒಂಟಿಯಾಗಿಯೇ ಇರುವೆಯಾದರೆ, 'ನಿನಗೇನು, ಗಂಡ ಮಕ್ಕಳ ಗೋಜಿಲ್ಲ' ಎಂದು ಭಾನುವಾರದ ಶಾಲೆ, ಗಾನವೃಂದ, ಲೆಕ್ಕಪತ್ರ ಮೂರನ್ನೂ ನಿನ್ನ ತಲೆಗೆ ಕಟ್ಟುತ್ತಾರೆ. ಒಂದನ್ನು ಇಟ್ಟುಕೋ. ಜ್ವರ ಬಂದ ರಾತ್ರಿ ಬಾಗಿಲು ತಟ್ಟುವ ಇಬ್ಬರು ಯಾರೆಂದು ಈಗಲೇ ಗೊತ್ತುಮಾಡಿ, ಮನೆಯ ಇನ್ನೊಂದು ಕೀಲಿ ಅವರ ಕೈಗೆ ಕೊಟ್ಟಿರು.

ನಿನ್ನ ಅಮ್ಮ