ಬೀಗದ ಕೈ ಕೊಟ್ಟ ಮೇಲಿನ ಒಂಬತ್ತು ತಿಂಗಳು: ಮೇಯರ್ ಅವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮೇಯರ್ ಅವರು

ವಿಷಯ: ಬೀದಿ ಬಿಟ್ಟು ಬಾಡಿಗೆ ಕೋಣೆ ಸೇರಿದವರ ಜೊತೆ ನಿಲ್ಲುವ ಕಾರ್ಯಕರ್ತರಿಗೆ ಅನುದಾನ ಕೊಡುವ ಬಗ್ಗೆ

ಮಾನ್ಯರೇ,

ರಾತ್ರಿ ತಂಗುದಾಣದ ಹಾಸಿಗೆಗಳಿಗೆ ಆಡಳಿತ ಹಣ ಕೊಡುತ್ತದೆ. ಎಷ್ಟು ಹಾಸಿಗೆ ತುಂಬಿದವೆಂದು ತಿಂಗಳು ತಿಂಗಳೂ ಲೆಕ್ಕ ಕೇಳುತ್ತದೆ. ಅಲ್ಲಿಂದ ಹೊರಟು ಬಾಡಿಗೆ ಕೋಣೆ ಸೇರಿದವರು ಆರು ತಿಂಗಳ ಮೇಲೂ ಅಲ್ಲೇ ಇದ್ದಾರೆಯೇ ಎಂದು ಕೇಳುವ ಕಾಲಂ ಮಾತ್ರ ಆ ನಮೂನೆಯಲ್ಲಿಲ್ಲ. ಅದಕ್ಕೆ ಹಣವೂ ಇಲ್ಲ. ಬೀದಿಗೆ ಮರಳುವವರಲ್ಲಿ ಹೆಚ್ಚಿನವರು ಮರಳುವುದು ಆ ಮೊದಲ ತಿಂಗಳುಗಳಲ್ಲೇ ಎಂಬುದನ್ನು ಈ ಕೆಲಸದಲ್ಲಿರುವ ಎಲ್ಲರೂ ಬಲ್ಲರು.

ಮನೆ ಕಳೆದುಕೊಂಡವರೆಲ್ಲ ಒಂದೇ ಬಗೆಯವರಲ್ಲ. ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾದ ತಂಗುದಾಣಗಳ ದಾಖಲೆ ಆಧರಿಸಿ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಂದವರ ಪೈಕಿ ಸುಮಾರು ಶೇ. 80 ಮಂದಿ ಅಲ್ಪಕಾಲ ತಂಗಿ ಹೊರಟುಹೋದವರು. ದೀರ್ಘಕಾಲ ಉಳಿದವರು ಶೇ. 10ರಷ್ಟು ಮಾತ್ರ. ಆದರೆ ತಂಗುದಾಣಗಳ ಒಟ್ಟು ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅವರ ಪಾಲಿಗೇ ಹೋಗಿತ್ತು. ಈ ಸಣ್ಣ ಗುಂಪು ಒಂದು ಕೋಣೆಯಲ್ಲಿ ನೆಲೆ ನಿಂತರೆ, ಹೊಸ ಕಟ್ಟಡ ಕಟ್ಟದೆಯೇ ಉಳಿದವರಿಗೆ ಜಾಗ ಸಿಗುತ್ತದೆ.

ಮೊದಲ ತೊಡಕು ಕಾಗದಪತ್ರದ್ದು. ಗುರುತಿನ ಚೀಟಿಗೆ ವಿಳಾಸ ಬೇಕು, ವಿಳಾಸ ಸಿಗಬೇಕಾದರೆ ಬಾಡಿಗೆ ಕರಾರು ಬೇಕು, ಕರಾರಿಗೆ ಮತ್ತೆ ಗುರುತಿನ ಚೀಟಿ ಬೇಕು. ಈ ಗಂಟು ಬಿಡಿಸಲು, ಅವರ ಜೊತೆ ಕೆಲಸ ಮಾಡುವ ಸಂಸ್ಥೆ ತನ್ನ ಕಚೇರಿಯ ವಿಳಾಸವನ್ನೇ ಅವರ ಅಂಚೆ ವಿಳಾಸವಾಗಿ ಕೊಡಬೇಕು. ಅದನ್ನು ಒಪ್ಪುವ ಆದೇಶ ನಿಮ್ಮ ಕಚೇರಿಯಿಂದ ಬರಬೇಕು. ಮೂಲ ದಾಖಲೆ ವ್ಯಕ್ತಿಯ ಕೈಯಲ್ಲೇ ಇರಬೇಕು, ಎರಡು ನಕಲು ಮತ್ತು ಒಂದು ಸ್ಕ್ಯಾನ್ ಸಂಸ್ಥೆಯಲ್ಲಿರಬೇಕು. ಮಳೆಗೆ ನೆಂದು, ಕಳುವಾಗಿ, ಫುಟ್‌ಪಾತ್ ತೆರವು ಮಾಡುವಾಗ ಚೀಲದ ಸಮೇತ ಕಸಕ್ಕೆ ಹೋಗಿ ಕಾಗದ ನಾಶವಾಗುವುದು ಮಾಮೂಲು. ತೆರವಿಗೆ ಹೋಗುವ ಸಿಬ್ಬಂದಿ ಚೀಲಗಳನ್ನು ಎಸೆಯದೆ, ಚೀಟಿ ಕಟ್ಟಿ ಕೆಲವು ವಾರ ಇಟ್ಟುಕೊಂಡರೆ ಅಷ್ಟರಿಂದಲೇ ತಿಂಗಳುಗಟ್ಟಲೆ ಅಲೆದಾಟ ತಪ್ಪುತ್ತದೆ.

ಕೋಣೆ ಹುಡುಕುವಾಗ ಅವಸರ ಸಲ್ಲದು. ಅಗ್ಗವೆಂದು ಊರಾಚೆ ಹಿಡಿದ ಕೋಣೆ ದುಬಾರಿಯಾಗುತ್ತದೆ. ಕೂಲಿ ಸಿಗುವ ಜಾಗ, ಔಷಧಿ ಸಿಗುವ ಆಸ್ಪತ್ರೆ, ಮಾತಾಡಿಸುವ ನಾಲ್ಕು ಮುಖ ಎಲ್ಲವೂ ದೂರವಾದರೆ ಅವರು ಹಳೆಯ ಜಾಗಕ್ಕೇ ಬಂದು ಮಲಗುತ್ತಾರೆ, ಕೋಣೆಗೆ ಬೀಗ ಬಿದ್ದಿರುತ್ತದೆ. ಕರಾರಿಗೆ ಮೊದಲು ನೋಡಬೇಕಾದವು: ಒಳಗಿನಿಂದ ಭದ್ರವಾಗಿ ಹಾಕುವ ಅಗುಳಿ, ನೀರು ಬರುವ ಹೊತ್ತು, ಶೌಚಾಲಯದ ಚಿಲಕ, ಪ್ರತ್ಯೇಕ ವಿದ್ಯುತ್ ಮೀಟರ್. ಮೀಟರ್ ಹಂಚಿಕೆಯಾಗಿದ್ದರೆ ಮೊದಲ ಬಿಲ್ಲಿಗೇ ಜಗಳ ಶುರು. ಮನೆ ಒಪ್ಪಿಸುವ ದಿನ ಗೋಡೆ, ನಲ್ಲಿ, ಕಿಟಕಿಗಳ ಫೋಟೊ ತೆಗೆದು ಮಾಲೀಕರಿಂದ ಸಹಿ ಹಾಕಿಸಿಕೊಳ್ಳಬೇಕು. ಇಲ್ಲದಿದ್ದರೆ ಬಿಡುವಾಗ ಹಳೆಯ ಬಿರುಕಿಗೂ ಮುಂಗಡದಲ್ಲಿ ಕಡಿತ.

ಕೋಣೆಗೆ ಹೋಗುವ ದಿನ ಹಾಸಿಗೆ, ಎರಡು ಹೊದಿಕೆ, ಬಕೆಟ್ಟು, ಒಲೆ, ಎರಡು ಪಾತ್ರೆ, ದೀಪ ಅಲ್ಲಿರಬೇಕು. ಬೀಗಕ್ಕೆ ಮೂರು ಕೈ: ಒಂದು ಅವರಿಗೆ, ಒಂದು ಮಾಲೀಕರಿಗೆ, ಇನ್ನೊಂದು ಅವರ ಒಪ್ಪಿಗೆ ಪಡೆದು ಸಂಸ್ಥೆಯಲ್ಲಿ, ಮೊಹರು ಮಾಡಿದ ಲಕೋಟೆಯೊಳಗೆ. ಬರಿಯ ಕೋಣೆಯಲ್ಲಿ ಮೊದಲ ರಾತ್ರಿ ಕಳೆಯಿರಿ, ಸಾಮಾನು ಆಮೇಲೆ ಬರುತ್ತದೆ ಎಂದರೆ ಎಷ್ಟೋ ಮಂದಿ ಎರಡನೆಯ ರಾತ್ರಿ ಅಲ್ಲಿರುವುದಿಲ್ಲ.

ನಿಜವಾದ ಕಷ್ಟ ಇಲ್ಲಿಂದ ಮುಂದೆ. ಹತ್ತಾರು ಜನರ ನಡುವೆ, ಗಲಾಟೆಯಲ್ಲಿ ಮಲಗಿ ರೂಢಿಯಾದವರಿಗೆ ಮುಚ್ಚಿದ ಬಾಗಿಲಿನ ಮೌನ ಭಯ ಹುಟ್ಟಿಸುತ್ತದೆ. ದೀಪ ಹಾಕಿಕೊಂಡು ನೆಲದ ಮೇಲೆ ಮಲಗುತ್ತಾರೆ. ಅದನ್ನು ತಿದ್ದಲು ಹೋಗಬಾರದು. ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ಎರಡನೆಯದು, ಬಾಗಿಲು ತಟ್ಟುವ ಹಳೆಯ ಸಂಗಾತಿಗಳು. ಚಳಿಯಲ್ಲಿ ತಮ್ಮ ಜೊತೆ ಹೊದಿಕೆ ಹಂಚಿಕೊಂಡವರನ್ನು ಒಳಗೆ ಬಿಡದಿರುವುದು ಹೇಗೆ? ಒಬ್ಬರು ನಾಲ್ವರಾಗುತ್ತಾರೆ, ಅಕ್ಕಪಕ್ಕದವರು ದೂರು ಕೊಡುತ್ತಾರೆ, ಮಾಲೀಕರು ಖಾಲಿ ಮಾಡಿ ಎನ್ನುತ್ತಾರೆ. ಇದಕ್ಕೆ ಉಪಾಯವಿದೆ. ರಾತ್ರಿ ಅತಿಥಿಗಳು ಉಳಿಯಬಾರದೆಂಬ ಷರತ್ತನ್ನು ಕರಾರಿನಲ್ಲೇ ಬರೆಸಿದರೆ, ‘ನಾನು ಬೇಡ ಅನ್ನುತ್ತಿಲ್ಲ, ಸಂಸ್ಥೆಯವರು ಬಿಡುವುದಿಲ್ಲ’ ಎಂದು ಹೇಳಿ ಸ್ನೇಹ ಕೆಡಿಸಿಕೊಳ್ಳದೆ ಪಾರಾಗಬಹುದು. ಆ ಕೆಟ್ಟ ಹೆಸರು ಸಂಸ್ಥೆಗೆ ಬರಲಿ, ಪರವಾಗಿಲ್ಲ.

ಮೂರನೆಯದು ಬಾಡಿಗೆ. ದಿನಗೂಲಿಯವರ ಕೈಯಲ್ಲಿ ತಿಂಗಳ ಕೊನೆಗೆ ಗಂಟು ಉಳಿಯುವುದಿಲ್ಲ. ಬಾಡಿಗೆಯನ್ನು ನಾಲ್ಕು ವಾರದ ಕಂತಾಗಿ ಒಡೆದು, ಕೂಲಿ ಬಟವಾಡೆಯ ಮರುದಿನವೇ ಕಟ್ಟುವಂತೆ ಮಾಲೀಕರನ್ನು ಮೊದಲೇ ಒಪ್ಪಿಸಬೇಕು. ಬಾಡಿಗೆ ಆದಾಯದ ಶೇ. 30 ದಾಟಬಾರದೆಂಬ ಅಳತೆ ಹಲವು ದೇಶಗಳ ಯೋಜನೆಗಳಲ್ಲಿದೆ. ಅದಕ್ಕಿಂತ ಹೆಚ್ಚಿನದನ್ನು ಯೋಜನೆಯ ನಿಧಿ ತುಂಬುತ್ತದೆ. ಜ್ವರ ಬಂದು ಹತ್ತು ದಿನ ಕೂಲಿ ತಪ್ಪಿದರೆ ಒಂದು ತಿಂಗಳ ಬಾಕಿ, ಬಾಕಿಯ ನಾಚಿಕೆಗೆ ಮಾಲೀಕರ ಕಣ್ಣು ತಪ್ಪಿಸುವುದು, ಒಂದು ದಿನ ಹೇಳದೆ ಹೊರಟುಹೋಗುವುದು. ಬಾಕಿಯ ಮೊದಲ ವಾರದಲ್ಲೇ ಯಾರಾದರೂ ಬಂದು ಕೂತು ಮಾತಾಡಿದ್ದರೆ ಉಳಿಯುತ್ತಿದ್ದ ಕೋಣೆ ಅದು.

ಆ ‘ಯಾರಾದರೂ’ ಎಂಬವರಿಗೇ ನಾವು ಅನುದಾನ ಕೇಳುತ್ತಿರುವುದು. ನ್ಯೂಯಾರ್ಕಿನ ತಂಗುದಾಣವೊಂದರಿಂದ ಹೊರಟ, ಮಾನಸಿಕ ಕಾಯಿಲೆಯಿದ್ದ 96 ಗಂಡಸರ ಮೇಲೆ ಇದನ್ನು ಪರೀಕ್ಷಿಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧದಷ್ಟು ಮಂದಿಗೆ ಮೊದಲ ಒಂಬತ್ತು ತಿಂಗಳು ಒಬ್ಬ ಕಾರ್ಯಕರ್ತರ ಒತ್ತಾಸೆ ಸಿಕ್ಕಿತು, ಉಳಿದವರಿಗೆ ಎಂದಿನ ಸೇವೆ. 18 ತಿಂಗಳಲ್ಲಿ ಒತ್ತಾಸೆ ಸಿಕ್ಕವರು ನೆಲೆಯಿಲ್ಲದೆ ಕಳೆದದ್ದು ಸರಾಸರಿ 30 ರಾತ್ರಿ, ಉಳಿದವರು 91. ವಿಧಾನ ಸರಳ: ಮೊದಲ ಮೂರು ತಿಂಗಳು ಹತ್ತಿರದ ನೆರವು, ನಂತರದ ಮೂರರಲ್ಲಿ ಸ್ವಲ್ಪ ಹಿಂದೆ ಸರಿದು ಎಲ್ಲಿ ಎಡವುತ್ತಾರೆಂದು ನೋಡುವುದು, ಕೊನೆಯ ಮೂರರಲ್ಲಿ ಆಸ್ಪತ್ರೆ, ಬಂಧುಗಳು, ನೆರೆಯವರಿಗೆ ಅವರನ್ನು ಒಪ್ಪಿಸಿ ಬಿಡುವುದು.

ಒಬ್ಬ ಕಾರ್ಯಕರ್ತರಿಗೆ 18 ಜನ ಎಂದಿಟ್ಟುಕೊಳ್ಳಿ, ಪ್ರತಿ ಹಂತದಲ್ಲಿ ಆರು ಮಂದಿ. ಮೊದಲ ಹಂತದವರಿಗೆ ವಾರಕ್ಕೆ ಎರಡು ಭೇಟಿ, ಎರಡನೆಯವರಿಗೆ ಒಂದು, ಮೂರನೆಯವರಿಗೆ ಹದಿನೈದು ದಿನಕ್ಕೊಂದು. ವಾರಕ್ಕೆ 21 ಭೇಟಿ. ಓಡಾಟ ಸೇರಿ ಭೇಟಿಗೆ ಒಂದೂವರೆ ಗಂಟೆ ಹಿಡಿದರೆ 31 ಗಂಟೆಗೂ ಮೇಲೆ. ಕಚೇರಿಗಳಿಗೆ ಜೊತೆಯಲ್ಲಿ ಹೋಗುವುದು, ಮಾಲೀಕರ ಫೋನು, ದಾಖಲೆ ಬರೆಯುವುದು ಬೇರೆ. ಒಬ್ಬರ ಮೇಲೆಯೇ 40 ಜನರ ಹೊಣೆ ಹೊರಿಸಿದರೆ ಭೇಟಿ ಹೋಗಿ ಬರಿಯ ಫೋನಾಗುತ್ತದೆ, ಫೋನು ಸ್ವಿಚ್ ಆಫ್ ಆಗಿರುತ್ತದೆ.

ಇಂದಿನ ಗುತ್ತಿಗೆಗಳು ಹನ್ನೊಂದು ತಿಂಗಳಿನವು. ನವೀಕರಣ ತಡವಾಗುತ್ತದೆ, ಕಂತು ಇನ್ನೂ ತಡ. ಸಂಬಳವಿಲ್ಲದೆ ಕಾರ್ಯಕರ್ತರು ಕೆಲಸ ಬಿಡುತ್ತಾರೆ. ವರ್ಷಗಟ್ಟಲೆ ಯಾರನ್ನೂ ನಂಬದವರು ಒಬ್ಬರ ಹೆಸರು ಹಿಡಿದು ಕರೆಯಲು ಕಲಿತಿರುತ್ತಾರೆ, ಅಷ್ಟರಲ್ಲಿ ಬೇರೆ ಮುಖ ಬಾಗಿಲಲ್ಲಿ ನಿಂತಿರುತ್ತದೆ.

ಮುಂದಿನ ಬಜೆಟ್ಟಿನಲ್ಲಿ ಇಷ್ಟನ್ನು ಸೇರಿಸಿಕೊಡಿ: ಮೂರು ವರ್ಷದ ಗುತ್ತಿಗೆ, ತ್ರೈಮಾಸಿಕದ ಆರಂಭದಲ್ಲೇ ಮುಂಗಡ ಕಂತು, ಒಬ್ಬ ಕಾರ್ಯಕರ್ತರಿಗೆ ಹೆಚ್ಚೆಂದರೆ 20 ಜನ, ಬಾಕಿ ಬಾಡಿಗೆಗೂ ದುರಸ್ತಿಗೂ ಒಂದು ಸಣ್ಣ ನಿಧಿ, ಅದರಿಂದ ಮೂರು ದಿನದೊಳಗೆ ಹಣ ಬಿಡುಗಡೆ ಮಾಡುವ ಅಧಿಕಾರ ಸಂಸ್ಥೆಗೇ. ಜೊತೆಗೆ ವರದಿಯ ನಮೂನೆಗೆ ಮೂರು ಕಾಲಂ: ಕೋಣೆ ಸೇರಿದವರಲ್ಲಿ 6, 12, 24 ತಿಂಗಳ ನಂತರ ಅಲ್ಲೇ ಇರುವವರು ಎಷ್ಟು. ಮೊದಲ ವರ್ಷ ಆ ಅಂಕಿ ನಮಗೂ ನಿಮಗೂ ಮುಜುಗರ ತರಬಹುದು. ಆದರೂ ಅದನ್ನು ಪ್ರಕಟಿಸಿ.

ಇಂತಿ,
ವಸತಿರಹಿತರ ಜೊತೆ ಕೆಲಸ ಮಾಡುವ ಕಾರ್ಯಕರ್ತರು