ಹಾವಿನ ವಿಷಕ್ಕೆ ‘ಸಕ್ಕರೆ ಲೇಪ’ ಸರಿಯಾದ ಪದವೇ?

ಮಾನ್ಯ ಸಂಪಾದಕರೇ,

ಕಳೆದ ವಾರದ ವಿಜ್ಞಾನ ಪುಟದಲ್ಲಿ ‘ಹಾವಿನ ವಿಷಕ್ಕೆ ಸಕ್ಕರೆ ಲೇಪ’ ಎಂಬ ತಲೆಬರಹ ಕಂಡು, ವಿಷದ ಪ್ರೋಟೀನುಗಳಿಗೆ ಅಂಟಿದ ಸಕ್ಕರೆಯ ಕುರಿತಾದ ಆ ಲೇಖನವನ್ನು ಎರಡು ಸಲ ಓದಿದೆ. ಬರವಣಿಗೆ ತಿಳಿಯಾಗಿದೆ. ನನ್ನ ತಕರಾರು ಮುಖ್ಯವಾಗಿ ‘ಲೇಪ’ ಎಂಬ ಪದದ ಮೇಲೆ. ಕಹಿ ಗುಳಿಗೆಗೆ ಹಚ್ಚಿದ ಸಕ್ಕರೆ ನಾಲಿಗೆಯ ಮೇಲೆ ಕರಗಿಹೋಗುತ್ತದೆ, ಔಷಧಿ ಇದ್ದಂತೆಯೇ ಇರುತ್ತದೆ. ವಿಷದ ಪ್ರೋಟೀನಿನ ಸಕ್ಕರೆ ಹಾಗೆ ತೊಳೆದು ಹೋಗುವಂಥದ್ದಲ್ಲ.

ವಿಷಗ್ರಂಥಿಯ ಜೀವಕೋಶದಲ್ಲಿ ಪ್ರೋಟೀನಿನ ಸರಪಳಿ ಇನ್ನೂ ತಯಾರಾಗುತ್ತಿರುವಾಗಲೇ, ಅದರ ಕೊಂಡಿಗಳಲ್ಲೊಂದಾದ ಆಸ್ಪರಜಿನ್ ಎಂಬ ಅಮೈನೊ ಆಮ್ಲಕ್ಕೆ 14 ಸಕ್ಕರೆ ಘಟಕಗಳ ಒಂದು ಕೊಂಬೆ ಬೆಸೆದುಕೊಳ್ಳುತ್ತದೆ. ಎಲ್ಲ ಆಸ್ಪರಜಿನ್‌ಗೂ ಈ ಭಾಗ್ಯವಿಲ್ಲ: ಎರಡು ಸ್ಥಾನ ಮುಂದೆ ಸೆರಿನ್ ಅಥವಾ ಥ್ರಿಯೊನಿನ್ ಎಂಬ ಕೊಂಡಿ ಇರಬೇಕು, ನಡುವೆ ಪ್ರೋಲಿನ್ ಎಂಬ ಕೊಂಡಿ ಇರಕೂಡದು. ಆಮೇಲೆ ಕಿಣ್ವಗಳು ಆ ಕೊಂಬೆಯನ್ನು ಸವರಿ, ಮತ್ತೆ ಚಿಗುರಿಸಿ, ತುದಿಗೆ ಗ್ಯಾಲಕ್ಟೋಸ್, ಸಿಯಾಲಿಕ್ ಆಮ್ಲದಂಥ ಬೇರೆ ಸಕ್ಕರೆ ಘಟಕಗಳನ್ನು ಜೋಡಿಸುತ್ತವೆ. ಈ ಸವರುವ ಕೆಲಸದ ವಿವರ ಆ ಪ್ರೋಟೀನಿನ ಜೀನ್‌ನಲ್ಲಿ ಇರುವುದಿಲ್ಲ. ಹಾಗಾಗಿ ಒಂದೇ ಜೀನ್‌ನಿಂದ ಹುಟ್ಟಿದ ಪ್ರೋಟೀನ್ ಹಲವು ತೂಕಗಳಲ್ಲಿ ದೊರೆಯುತ್ತದೆ. ಜೆಲ್‌ನಲ್ಲಿ ತೂಕದ ಪ್ರಕಾರ ಬೇರ್ಪಡುವಂತೆ ವಿದ್ಯುತ್ ಹಾಯಿಸಿ ಓಡಿಸಿದರೆ ಚೊಕ್ಕ ಗೆರೆಯ ಬದಲು ಮಸಿ ಹರಡಿದಂತೆ ಕಾಣುತ್ತದೆ. ಪ್ರಯೋಗ ಕೆಟ್ಟಿತೆಂದು ನನ್ನ ವಿದ್ಯಾರ್ಥಿಗಳು ಇಂಥ ಜೆಲ್‌ಗಳನ್ನು ಎಷ್ಟು ಸಲ ಬಿಸಾಡಿದ್ದಾರೋ! ಸಕ್ಕರೆಯನ್ನು ಕತ್ತರಿಸುವ ಕಿಣ್ವ ಬೆರೆಸಿ ಮತ್ತೆ ಓಡಿಸಿದರೆ ಆ ಮಸಿಯೇ ಒಟ್ಟುಗೂಡಿ, ಗೆರೆಯಾಗಿ, ಹಗುರಾದ್ದರಿಂದ ಕೆಳಗಿಳಿದು ನಿಲ್ಲುತ್ತದೆ.

ಮಲಯದ ಗುಳಿಮಂಡಲ ಎಂಬ ಹಾವಿನ ವಿಷದಲ್ಲಿ ಆನ್ಕ್ರಾಡ್ ಎಂಬ ಕಿಣ್ವವಿದೆ. ರಕ್ತವನ್ನು ಹೆಪ್ಪುಗಟ್ಟಿಸುವ ಫೈಬ್ರಿನೊಜೆನ್ ಎಂಬ ಪ್ರೋಟೀನನ್ನು ಕತ್ತರಿಸಿ ಮುಗಿಸಿ, ರಕ್ತ ಹೆಪ್ಪುಗಟ್ಟದಂತೆ ಮಾಡುವುದು ಇದೇ. ಇದರ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಸಕ್ಕರೆ. ಇದನ್ನು ಲೇಪವೆನ್ನುವುದು ಹೇಗೆ?

ವಿಷದ ಪ್ರೋಟೀನುಗಳಿಗೆಲ್ಲ ಸಕ್ಕರೆ ಇದೆ ಎಂಬ ಲೇಖನದ ಸಾಲೂ ಸರಿಯಲ್ಲ. ನಾಗರಹಾವಿನ ನರವಿಷಗಳು ಅರವತ್ತು, ಎಪ್ಪತ್ತು ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನುಗಳು; ಅವುಗಳಲ್ಲಿ ಸಾಮಾನ್ಯವಾಗಿ ಸಕ್ಕರೆ ಇರುವುದಿಲ್ಲ.

ಹಾಗೆಂದು ಸಕ್ಕರೆ ಕಳಚಿದರೆ ವಿಷ ತಣ್ಣಗಾಗುತ್ತದೆ ಎಂದೂ ಭಾವಿಸಬಾರದು. ನಾಗರಹಾವಿನ ವಿಷದಲ್ಲೇ ಇರುವ, ನಮ್ಮ ರಕ್ತದ ಕಾಂಪ್ಲಿಮೆಂಟ್ ಎಂಬ ರಕ್ಷಣಾ ವ್ಯವಸ್ಥೆಯನ್ನು ಬರಿದು ಮಾಡುವ ದೊಡ್ಡ ಪ್ರೋಟೀನಿನ ಸಕ್ಕರೆಯನ್ನು ತೆಗೆದು ನೋಡಿದ್ದಾರೆ. ಅದರ ಆ ಚಟುವಟಿಕೆ ನಿಲ್ಲಲಿಲ್ಲ. ಆದರೆ ಅದರ ಕೊಂಬೆಗಳ ತುದಿಯಲ್ಲಿರುವ, ಗ್ಯಾಲಕ್ಟೋಸಿನ ‘ಆಲ್ಫಾ-ಗ್ಯಾಲ್’ ಎಂಬ ವಿಶೇಷ ಜೋಡಣೆ ಸ್ವಾರಸ್ಯಕರ. ಮನುಷ್ಯರ ದೇಹ ಅದನ್ನು ತಯಾರಿಸುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳ ದೆಸೆಯಿಂದ ಅದರ ವಿರುದ್ಧ ಪ್ರತಿಕಾಯಗಳು ಮಾತ್ರ ನಮ್ಮೆಲ್ಲರ ರಕ್ತದಲ್ಲಿ ಸದಾ ಇರುತ್ತವೆ. ಹಾವನ್ನು ಕಣ್ಣಾರೆ ಕಾಣದವರ ರಕ್ತದಲ್ಲೂ!

ಮುಂದಿನ ಸಲ ‘ಗ್ಲೈಕೊಪ್ರೋಟೀನ್’ ಎಂದೇ ಅಚ್ಚುಹಾಕಿ. ಕಠಿಣವೆನಿಸಿದರೆ ‘ಸಕ್ಕರೆ ಬೆಸೆದ ಪ್ರೋಟೀನ್’ ಎನ್ನಿ. ಇನ್ನೊಂದು ತಿದ್ದುಪಡಿ: ವಿಷದ ಹಳದಿ ಬಣ್ಣಕ್ಕೆ ಸಕ್ಕರೆ ಕಾರಣವೆಂದು ಚಿತ್ರದ ಅಡಿಬರಹದಲ್ಲಿದೆ. ಆ ಬಣ್ಣ ಎಲ್-ಅಮೈನೊ ಆಮ್ಲ ಆಕ್ಸಿಡೇಸ್ ಎಂಬ ಕಿಣ್ವ ಹೊತ್ತಿರುವ ಹಳದಿ ಅಣುವಾದ ಫ್ಲೇವಿನ್‌ನದು. ಆ ಕಿಣ್ವಕ್ಕೂ ಸಕ್ಕರೆಯ ಕೊಂಬೆಗಳಿವೆ ಎಂಬುದು ಬೇರೆ ಮಾತು.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಜೀವರಸಾಯನಶಾಸ್ತ್ರ ಅಧ್ಯಾಪಕ