ನಿಗಮದ ಕುರ್ಚಿಗೂ ಅರ್ಹತೆ ಗೊತ್ತುಪಡಿಸಿ

ಮಾನ್ಯ ಸಂಪಾದಕರೇ,

ಸರ್ಕಾರದ ಅಭಿವೃದ್ಧಿ ನಿಗಮವೊಂದರ ಜಿಲ್ಲಾ ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತನಾದವನು ನಾನು. ನಿಗಮ-ಮಂಡಳಿಗಳ ಅಧ್ಯಕ್ಷರ ನೇಮಕದ ಮಾತು ಎದ್ದಾಗಲೆಲ್ಲ ಯಾವ ಬಣಕ್ಕೆ ಎಷ್ಟು, ಯಾವ ಜಾತಿಗೆ ಎಷ್ಟು, ಟಿಕೆಟ್ ತಪ್ಪಿದವರಲ್ಲಿ ಯಾರಿಗೆ ಸಮಾಧಾನ ಹೇಳಬೇಕು ಎಂಬ ಲೆಕ್ಕವೇ ನಡೆಯುತ್ತದೆ. ಆ ನಿಗಮ ಮಾಡಬೇಕಾದ ಕೆಲಸ ಯಾವುದು, ಅದು ಈ ವ್ಯಕ್ತಿಗೆ ಗೊತ್ತಿದೆಯೇ ಎಂದು ಕೇಳುವವರಿಲ್ಲ. ಅದರ ಫಲವನ್ನು ಉಣ್ಣುವವರು ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ರೈತರು.

ಗಂಗಾ ಕಲ್ಯಾಣ ಯೋಜನೆಯನ್ನೇ ನೋಡಿ. ಸಣ್ಣ ಮತ್ತು ಅತಿ ಸಣ್ಣ ರೈತರ ಜಮೀನಿನಲ್ಲಿ ಕೊಳವೆಬಾವಿ ಕೊರೆಸಿ, ಪಂಪ್‌ಸೆಟ್ ಇಳಿಸಿ, ವಿದ್ಯುತ್ ಸಂಪರ್ಕ ಕೊಡಿಸುವ ಹೊಣೆ ನಿಗಮಗಳದ್ದು. ಅಂತರ್ಜಲ ಮಿತಿಮೀರಿ ಬಳಕೆಯಾಗಿರುವ ನಮ್ಮ ತಾಲ್ಲೂಕಿನಲ್ಲಿ ಎಲ್ಲಿ ಪಾಯಿಂಟ್ ಹಾಕಬೇಕು, ಎಷ್ಟು ಅಡಿಗೆ ನಿಲ್ಲಿಸಬೇಕು, ಗುತ್ತಿಗೆದಾರ ಹೇಳಿದಷ್ಟು ಕೇಸಿಂಗ್ ಪೈಪ್ ನಿಜಕ್ಕೂ ಇಳಿದಿದೆಯೇ ಎಂಬುದನ್ನು ಸ್ಥಳದಲ್ಲಿ ನಿಂತು ನೋಡಿ ಬಿಲ್ಲು ಮಂಜೂರು ಮಾಡುವುದು ತಿಳಿವಳಿಕೆಯನ್ನೂ ಗಟ್ಟಿ ಮನಸ್ಸನ್ನೂ ಬೇಡುವ ಕೆಲಸ. ನಮ್ಮ ಕಚೇರಿಯಲ್ಲಿದ್ದ ವ್ಯವಸ್ಥಾಪಕರೊಬ್ಬರು ದಾರಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಬಿಟ್ಟು ಆಳವನ್ನು ತಾವೇ ಅಳೆಯುತ್ತಿದ್ದರು. ಬಿಲ್ಲಿನಲ್ಲಿ 600 ಅಡಿ ಎಂದು ಬರೆದಿದ್ದ ಬಾವಿಯಲ್ಲಿ ಒಮ್ಮೆ ಆ ದಾರ 410 ಅಡಿಗೇ ನಿಂತಿತು. ಅಕ್ಕಪಕ್ಕದ ಎರಡು ಬಾವಿಗಳಲ್ಲೂ ಹಾಗೆಯೇ ಆದಾಗ ಅವರು ಬಿಲ್ಲು ತಡೆಹಿಡಿದರು. ಮೂರೇ ವಾರದಲ್ಲಿ ಅವರ ಎತ್ತಂಗಡಿಯಾಯಿತು. ಬೇರೆ ಇಲಾಖೆಯಿಂದ ನಿಯೋಜನೆಯ ಮೇಲೆ ಅವರ ಜಾಗಕ್ಕೆ ಬಂದವರು ಆಗಿನ ಅಧ್ಯಕ್ಷರಿಗೆ ಬೇಕಾದವರಾಗಿದ್ದರು. ಹಣ ಬಳಕೆ ಪ್ರಮಾಣಪತ್ರ ಎಂದರೇನು ಎಂಬುದನ್ನು ನಾನೇ ಅವರಿಗೆ ವಿವರಿಸಬೇಕಾಯಿತು. ತಡೆಹಿಡಿದಿದ್ದ ಬಿಲ್ಲು ಮಾತ್ರ ಬೇಗನೆ ಪಾಸಾಯಿತು.

ಅದೇ ಹೊತ್ತಿನಲ್ಲಿ ವಿಧವೆಯೊಬ್ಬರ ಬಾವಿಯ ವಿದ್ಯುತ್ ಸಂಪರ್ಕದ ಕಡತ ಹದಿನಾಲ್ಕು ತಿಂಗಳು ಮೇಜಿನಿಂದ ಮೇಜಿಗೆ ಅಲೆಯಿತು. ಬೇರೆ ಕೆಲಸಕ್ಕೆಂದು ಆ ಊರಿಗೆ ಹೋಗಿದ್ದಾಗ ಅವರ ಮನೆಗೂ ಹೋದೆ. ನಿಗಮ ಕೊಟ್ಟಿದ್ದ ಮೋಟಾರು ಗೋಣಿಚೀಲ ಸುತ್ತಿಕೊಂಡು ದನದ ಕೊಟ್ಟಿಗೆಯ ಮೂಲೆಯಲ್ಲಿತ್ತು; ಹೊಲದಲ್ಲಿ ಶೇಂಗಾ ಕಾಯಿ ಕಟ್ಟುವ ಮೊದಲೇ ಬಾಡಿತ್ತು. “ನೀರು ಬಿದ್ದೈತೆ ಸ್ವಾಮಿ, ಆದ್ರೆ ಒಂದು ಚೊಂಬು ಮ್ಯಾಲೆ ಬಂದಿಲ್ಲ” ಎಂದರು ಆ ತಾಯಿ. ನನ್ನ ಬಳಿ ಉತ್ತರವಿರಲಿಲ್ಲ.

ಇದು ಯಾವುದೋ ಒಂದು ಪಕ್ಷದ ಕಾಯಿಲೆಯಲ್ಲ; ನನ್ನ ಸೇವಾವಧಿಯಲ್ಲಿ ಬಂದುಹೋದ ಎಲ್ಲ ಸರ್ಕಾರಗಳೂ ಹೀಗೆಯೇ ನಡೆದುಕೊಂಡವು. 2003ರ 91ನೇ ಸಂವಿಧಾನ ತಿದ್ದುಪಡಿ ಸಚಿವರ ಸಂಖ್ಯೆಗೆ ಸದನದ ಬಲದ ಶೇ 15ರ ಮಿತಿ ಹಾಕಿದ್ದರಿಂದ, 224 ಸ್ಥಾನಗಳ ನಮ್ಮ ವಿಧಾನಸಭೆಯಲ್ಲಿ ಮುಖ್ಯಮಂತ್ರಿಯೂ ಸೇರಿ 34ಕ್ಕಿಂತ ಹೆಚ್ಚು ಜನ ಸಚಿವರಾಗುವಂತಿಲ್ಲ. ಸಂಪುಟದಲ್ಲಿ ಜಾಗ ಸಿಗದವರನ್ನು ಕೂರಿಸಲು ನಿಗಮಗಳು ಒದಗಿಬಂದವು. 2024ರ ಜನವರಿಯಲ್ಲಿ 30ಕ್ಕೂ ಹೆಚ್ಚು ಶಾಸಕರು ಒಂದೇ ಪಟ್ಟಿಯಲ್ಲಿ ಅಧ್ಯಕ್ಷರಾದರು. ಗೂಟದ ಕಾರು, ಸಂಪುಟ ದರ್ಜೆಯ ಸ್ಥಾನಮಾನ ಇವುಗಳ ಸಂಭ್ರಮದ ನಡುವೆ, ನಿಗಮ ಎಂಬುದು ಬಡವರ ಹಣವನ್ನು ಕಾಯಬೇಕಾದ ಸಂಸ್ಥೆ ಎಂಬ ಮಾತು ಮರೆತೇಹೋಗುತ್ತದೆ.

ಕಾವಲು ಸಡಿಲಾದರೆ ಏನಾಗುತ್ತದೆ ಎಂಬುದನ್ನು ಅದೇ ವರ್ಷ ಕಂಡಿದ್ದೇವೆ. ಮೇ ತಿಂಗಳಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕಪತ್ರ ಅಧೀಕ್ಷಕರೊಬ್ಬರು ಪತ್ರ ಬರೆದಿಟ್ಟು ಪ್ರಾಣ ಕಳೆದುಕೊಂಡ ಮೇಲೆಯೇ ನಿಗಮದ ಕೋಟಿಗಟ್ಟಲೆ ಹಣ ಅಕ್ರಮವಾಗಿ ವರ್ಗಾವಣೆಯಾದ ವಿಷಯ ಹೊರಬಿತ್ತು. ಜೂನ್‌ನಲ್ಲಿ ಇಲಾಖೆಯ ಸಚಿವರು ರಾಜೀನಾಮೆ ಕೊಟ್ಟರು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರಗಳು. ಆ ನಿಗಮದಲ್ಲಿ ಸೋರಿದ್ದು ಇಲ್ಲಿನ ನಾಯಕ (ವಾಲ್ಮೀಕಿ) ಸಮುದಾಯದ ಬಡವರಿಗೂ ಸೇರಬೇಕಾದ ಹಣ. ಅದೇ ಹುದ್ದೆಯ ಕೆಲಸ ಮಾಡಿದ ನನಗೆ ಆ ಸುದ್ದಿ ಓದಿದ ರಾತ್ರಿ ನಿದ್ದೆ ಬರಲಿಲ್ಲ.

ದ್ವಿತೀಯ ದರ್ಜೆ ಸಹಾಯಕನಾಗಲು ಬಡವರ ಮನೆಯ ಹುಡುಗ ವರ್ಷಗಟ್ಟಲೆ ಓದಿ ಸ್ಪರ್ಧಾತ್ಮಕ ಪರೀಕ್ಷೆ ಬರೆಯಬೇಕು. ಅವನು ಮಂಡಿಸುವ ಕಡತದ ಮೇಲೆ ಕೊನೆಯ ಮಾತು ಹೇಳುವವರಿಗೆ ಮಾತ್ರ ಪಕ್ಷದ ನಾಯಕರ ಮೇಲಿನ ನಿಷ್ಠೆಯೊಂದೇ ಸಾಕೆನ್ನುವುದು ಯಾವ ನ್ಯಾಯ? ಚುನಾಯಿತ ಸರ್ಕಾರಕ್ಕೆ ನೀತಿ ರೂಪಿಸುವ ಅಧಿಕಾರವಿದೆ, ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಪಕ್ಷದ ಕಾರ್ಯಕರ್ತರಲ್ಲೂ ಹಳ್ಳಿಯ ಕಷ್ಟ ಬಲ್ಲ ಸಮರ್ಥರಿದ್ದಾರೆ. ಅಂಥ ಒಬ್ಬ ಅಧ್ಯಕ್ಷರ ಕೈಕೆಳಗೆ ಎರಡು ವರ್ಷ ಕೆಲಸ ಮಾಡಿದ ಭಾಗ್ಯ ನನ್ನದು. ಅಂಥವರನ್ನು ನೇಮಿಸುವುದಾದರೆ, ಅವರಿಗೆ ಆ ಕ್ಷೇತ್ರದಲ್ಲಿ ಏನು ಅನುಭವವಿದೆ ಎಂಬುದನ್ನು ನೇಮಕದ ಆದೇಶದಲ್ಲೇ ಸರ್ಕಾರ ಬರೆಯಲಿ. ಜಿಲ್ಲಾ ವ್ಯವಸ್ಥಾಪಕರ ಹುದ್ದೆಗೆ ಲೆಕ್ಕಪತ್ರ ಬಲ್ಲವರನ್ನೇ ತಂದು, ಕಾರಣ ಬರೆಯದೆ ಎರಡು ವರ್ಷ ವರ್ಗಾಯಿಸದಿರಲಿ. ಶಾಸಕರ ಅಧ್ಯಕ್ಷತೆಯ ಸಮಿತಿ ಅಂತಿಮಗೊಳಿಸಿದ ಫಲಾನುಭವಿಗಳ ಪಟ್ಟಿಯನ್ನು, ಕೊರೆದ ಆಳ ಮತ್ತು ಪಾವತಿಸಿದ ಮೊತ್ತದ ಸಮೇತ, ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ದಾರ ಇಳಿಬಿಟ್ಟು ಅಳೆಯುವ ಕೆಲಸವನ್ನು ಊರಿನವರೇ ಮಾಡಿಕೊಳ್ಳುತ್ತಾರೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಲೆಕ್ಕಪತ್ರ ಅಧೀಕ್ಷಕ, ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ